ಸಾಹುಕಾರರ ಮೈಗೆ ಹಚ್ಚಿದ ಕೊಬ್ಬು

ಕುರಿಯ ಕೊಬ್ಬು ಕರಗುವ ವಾಸನೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅಪ್ಪ ಎಲ್ಲೋ ಹತ್ತಿರದಲ್ಲೇ ಕೂತಂತೆ ಅನಿಸುತ್ತದೆ. ಚಿಂಚೋಳಿ ಕಡೆಯ ನಮ್ಮೂರಿನಲ್ಲಿ ಚಪ್ಪಲಿ ಹೊಲಿಯುವ ಮನೆ ನಮ್ಮದೊಂದೇ. ಅಂಗಳದ ಹುಣಸೆ ಮರದ ಕೆಳಗೆ ಮೂರು ಕಲ್ಲು ಹೂಡಿ, ಕಟುಕರ ಓಣಿಯಿಂದ ತಂದ ಕೊಬ್ಬನ್ನು ಅಪ್ಪ ಸಣ್ಣ ಉರಿಯಲ್ಲಿ ಕರಗಿಸುತ್ತಿದ್ದ. ಮೊದಲು ಬರುವ ಹಸಿ ನಾತ ನಿಧಾನಕ್ಕೆ ಹುರಿದ ಶೇಂಗಾದ ಘಮಕ್ಕೆ ತಿರುಗುತ್ತಿತ್ತು. ಅರಿವೆಯಲ್ಲಿ ಸೋಸಿ, ಬೇವಿನೆಣ್ಣೆ ಬೆರೆಸಿ ಡಬ್ಬಿಗೆ ತುಂಬಿದರೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟುತ್ತಿತ್ತು. ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ, ಎತ್ತಿನ ಕೊರಳಪಟ್ಟಿಗೆ, ಊರವರ ಮೆಟ್ಟುಗಳಿಗೆ ಅದೇ. ಅಂಗೈಯ ಬಿಸಿಯಲ್ಲಿ ಅದನ್ನು ತೊಗಲಿಗೆ ಕುಡಿಸುತ್ತ ಅಪ್ಪ ಹೇಳುತ್ತಿದ್ದ, "ತೊಗಲಿಗೂ ನೀರಡಿಕಿ ಆಗ್ತದ ನನ್ನವ್ವ."

ಆ ಚೀಲ ಎತ್ತಿದ ನೀರು ಕುಡಿದೇ ಊರು ಬದುಕಿತ್ತು. ಆದರೂ ನಮ್ಮ ಮನೆ ದಾಟುವಾಗ ಸೆರಗು, ರುಮಾಲು ಮೂಗಿಗೆ ಏರುತ್ತಿದ್ದವು. ಎಲ್ಲರಿಗಿಂತ ಮುಂಚೆ ಏರುತ್ತಿದ್ದದ್ದು ಸಾಹುಕಾರರ ಮನೆಯವರದು. ಶರಣರ ವಚನ ಹೇಳದೆ ಊಟಕ್ಕೆ ಕೂರದ ಮನೆ ಅದು. ವಚನ ಮುಗಿದ ಮೇಲೆ ಅದರ ಅರ್ಥವನ್ನು ಎಲೆಯ ಜೊತೆಗೇ ಮಡಚಿ ಎಸೆಯುತ್ತಿದ್ದರೆಂದು ಕಾಣುತ್ತದೆ. ಅವರ ಮಗ ಶಿವರಾಯ ಚಿಕ್ಕವನಿದ್ದಾಗ ದೊಡ್ಡ ಜ್ವರ ಬಂದು ಬದುಕಿ ಉಳಿದಿದ್ದ. ಬೆಳೆದ ಮೇಲೆ ಐದು ಮೊಹರಂ ಹುಲಿ ವೇಷ ಹಾಕಿಸುತ್ತೇನೆಂದು ಅವನ ತಾಯಿ ಆಗ ಹರಕೆ ಹೊತ್ತಿದ್ದಳು. ಹುಲಿಯ ಬಣ್ಣಕ್ಕೆ ಕೊಬ್ಬೇ ಬೇಕು. ಹಳದಿ ಪುಡಿಯನ್ನೂ ದೀಪದ ಮಸಿಯನ್ನೂ ಕೊಬ್ಬಿನಲ್ಲಿ ಕಲಸಿ ಹಚ್ಚಿದರೆ ಬೆವರಿಗೆ ಇಳಿಯುವುದಿಲ್ಲ, ಸಂಜೆ ಕಡಲೆ ಹಿಟ್ಟಿನಿಂದ ಉಜ್ಜಿದರೆ ಚರ್ಮಕ್ಕೂ ನೋವಾಗುವುದಿಲ್ಲ. ಆದರೆ ಕೊಬ್ಬನ್ನು ಆ ಮನೆಯಲ್ಲಿ ಯಾರು ಮುಟ್ಟಬೇಕು?

ಹಾಗಾಗಿ ನಸುಕಿನಲ್ಲೇ ಶಿವರಾಯ ನಮ್ಮ ಅಂಗಳಕ್ಕೆ ಬರುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಲಂಗೋಟಿ ಕಟ್ಟಿಕೊಂಡು, ಮುಖ ಅತ್ತ ತಿರುಗಿಸಿ ನಿಲ್ಲುತ್ತಿದ್ದ. ಅಪ್ಪ ಅವನ ಬೆನ್ನು, ಹೊಟ್ಟೆ, ತೊಡೆ, ಕಾಲ್ಬೆರಳಿನ ಸಂದಿಯನ್ನೂ ಬಿಡದೆ, ತೊಗಲಿಗೆ ಕುಡಿಸುವಷ್ಟೇ ಪ್ರೀತಿಯಿಂದ ಹಚ್ಚುತ್ತಿದ್ದ. "ಏ ಹಣಮ್ಯಾ, ಯಾರ ಮುಂದನೂ ಬಾಯಿ ಬಿಡಬ್ಯಾಡ," ಅಂತ ಅಪ್ಪನಿಗೆ ಅನ್ನುತ್ತಿದ್ದ ಹುಲಿ. ಹಬ್ಬ ಮುಗಿದ ಮೇಲೆ ಪಟ್ಟಣದ ಗುಲಾಬಿ ಸಾಬೂನಿನಿಂದ ಮೈ ತೊಳೆದು ಶುದ್ಧನಾಗುತ್ತಿದ್ದ. ಆ ಕಾಲದ ಸಾಬೂನಿಗೂ ದನದ ಕೊಬ್ಬು ಹಾಕುತ್ತಿದ್ದರೆಂದು ದೊಡ್ಡವಳಾದ ಮೇಲೆ ತಿಳಿದು ನಾನು ಒಬ್ಬಳೇ ಕೂತು ನಕ್ಕಿದ್ದೇನೆ.

ಮೂರನೇ ವರ್ಷದ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಹೊಸ ಮೆಟ್ಟು ಕೊಡಲು ಹೋದ ಅಪ್ಪ, ಬಿಸಿಲಿಗೆ ಕಣ್ಣು ಕತ್ತಲಿಟ್ಟು ಸಾಹುಕಾರರ ಕಟ್ಟೆಯ ಅಂಚಿಗೆ ಕೂತುಬಿಟ್ಟ. ಶಿವರಾಯ ಮನೆಗೆ ಬಂದಿದ್ದ ಬೀಗರ ಮುಂದೆ ಚೀರಿದ, "ಇಳಿಯೋ ಕೆಳಗ! ಕಟ್ಟಿ ಎಲ್ಲಾ ಮೈಲಿಗಿ ಮಾಡ್ದಿ!" ನಾಲ್ಕು ದಿನದ ಹಿಂದೆ ತನ್ನ ಮೈಯೆಲ್ಲ ಆಡಿದ ಕೈ ಅದು! ಅಪ್ಪ ಇಳಿದ, ಬಗ್ಗಿ ಅವನ ಕಾಲಿಗೇ ಮೆಟ್ಟು ತೊಡಿಸಿ ಬಂದ. ಜೊತೆಗೆ ಹೋಗಿದ್ದ ನನಗೆ ಅವತ್ತು ಶಿವರಾಯನಿಗಿಂತ ಅಪ್ಪನ ಮೇಲೇ ಹೆಚ್ಚು ಹೇಸಿಕೆಯಾಯಿತು. ಅದನ್ನು ನೆನೆದರೆ ಇವತ್ತು ನನ್ನ ಮೇಲೇ ನನಗೆ ಹೇಸಿಕೆಯಾಗುತ್ತದೆ.

ಮರುವರ್ಷ ನಸುಕಿನಲ್ಲಿ ಶಿವರಾಯ ಬಂದಾಗ ಅಪ್ಪ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. "ಹಚ್ತೀನ್ರಿ ಸಾವಕಾರ್ರೆ. ಖರೆ ಇಲ್ಲಿ ಅಲ್ಲ. ನಿಮ್ಮ ಕಟ್ಟಿ ಮ್ಯಾಲೆ ಕುಂತು, ಹೊತ್ತೇರಿದ ಮ್ಯಾಲೆ, ಮಂದಿ ಮುಂದ ಹಚ್ತೀನಿ." ಆ ಮನೆಯ ಕೆಲಸ ತಪ್ಪಿದರೆ ನಮ್ಮ ಒಲೆ ಆರುತ್ತಿತ್ತು. ಶಿವರಾಯ ಉಗಿದು ಹೋದ. ಚಂದಾಪುರದ ಅಂಗಡಿಯಿಂದ ಬಾಗಿಲಿಗೆ ಹಚ್ಚುವ ಬಣ್ಣ ತರಿಸಿ ಮೈಗೆ ಬಳಿಸಿಕೊಂಡ. ಅಂಗಡಿಯ ಡಬ್ಬಿಯಲ್ಲಿ ಬಂದದ್ದಕ್ಕೆ ಮೈಲಿಗೆ ಇಲ್ಲವಲ್ಲ! ಹುಲಿ ಥಳಥಳ ಹೊಳೆಯಿತು, ಚೆನ್ನಾಗಿಯೂ ಕುಣಿಯಿತು. ಸಂಜೆ ಬಣ್ಣ ಮಾತ್ರ ಬಿಡಲಿಲ್ಲ. ಚಿಮಣಿ ಎಣ್ಣೆ ಹಾಕಿ, ಬೂದಿ ಹಾಕಿ ತಿಕ್ಕಿದರು. ಬಣ್ಣದ ಜೊತೆ ಚರ್ಮವೂ ಬಂತು. ಹದಿನೈದು ದಿನ ಸಾಹುಕಾರರ ಹುಲಿ ಬಾಳೆಲೆಯ ಮೇಲೆ ಮಲಗಿ ನರಳಿತು. ನನಗೆ ಒಂದಿಷ್ಟೂ ಅಯ್ಯೋ ಅನಿಸಲಿಲ್ಲ.

ಆ ವರ್ಷವಿಡೀ ಅವರು ನಮಗೆ ಕೆಲಸ ಕೊಡಲಿಲ್ಲ. ಅವ್ವ ಕೂಲಿಗೆ ಹೋದಳು. ಕೆಲವು ದಿನ ರೊಟ್ಟಿಗೆ ಬರೀ ಖಾರವೇ ಗತಿ. ಅಪ್ಪ ಮಾತ್ರ ಡಬ್ಬಿಗೆ ಕೊಬ್ಬು ಕಡಿಮೆಯಾಗಲು ಬಿಡಲಿಲ್ಲ. ಹರಕೆಯ ಐದನೇ ವರ್ಷ ಬಾಕಿ ಉಳಿದಿತ್ತು. ಹರಕೆ ಅರ್ಧಕ್ಕೆ ಬಿಟ್ಟರೆ ಮಗನಿಗೆ ಕೇಡೆಂದು ಶಿವರಾಯನ ತಾಯಿ ಅನ್ನ ಬಿಟ್ಟಳಂತೆ. ಮೊಹರಂ ದಿನ ಹೊತ್ತೇರಿದ ಮೇಲೆ ಅವರ ಆಳು ಬಂದ. "ಹಣಮಂತ, ಕಟ್ಟಿಗೆ ಬರಬೇಕಂತ." ಅಪ್ಪ ತೊಳೆದ ಧೋತರ ಉಟ್ಟು, ನನ್ನ ಕೈಹಿಡಿದು ಹೋದ. ಊರೆಲ್ಲ ನೋಡುತ್ತಿರಲು ಕಟ್ಟೆ ಹತ್ತಿ, ಚಕ್ಕಳಮಕ್ಕಳ ಹಾಕಿ ಕೂತ. ಅಷ್ಟು ನಿಧಾನವಾಗಿ ಅವನು ಕೆಲಸ ಮಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ. ಒಂದೊಂದು ಪಟ್ಟೆಯನ್ನೂ ಬೆರಳಿನಿಂದ ತೀಡಿ ತೀಡಿ ಬರೆದ. ಶಿವರಾಯ ನೆಲ ನೋಡುತ್ತ ನಿಂತಿದ್ದ.

ನಾವು ಓಣಿಯ ತಿರುವು ಮುಟ್ಟುವ ಮೊದಲೇ ಹಿಂದೆ ಕೊಡಗಟ್ಟಲೆ ನೀರು ಸುರಿದ ಸದ್ದಾಯಿತು. ತಿರುಗಿ ನೋಡಿದೆ. ಇಬ್ಬರು ಹೆಂಗಸರು ಸೆಗಣಿ ನೀರು ಹಾಕಿ ಕಟ್ಟೆ ತೊಳೆಯುತ್ತಿದ್ದರು. "ಅಪ್ಪಾ, ತೊಳೀಲಿಕತ್ತಾರ ನೋಡು!" ಎಂದು ಅತ್ತುಬಿಟ್ಟೆ. ಅಪ್ಪ ತಿರುಗಲಿಲ್ಲ.

"ತೊಳೀಲಿ ಬಿಡು. ಕುಂತಿದ್ದು ತೊಳದ್ರ ಹೋಗ್ತದೇನು?"

ಅಪ್ಪ, ಅವ್ವ ಇಬ್ಬರೂ ಹೋದರು. ಸಾಹುಕಾರರ ಮನೆ ಪಾಲಾಗಿ ಒಡೆದುಹೋಯಿತು. ಆ ಕಟ್ಟೆಯ ಕಲ್ಲುಗಳು ಯಾರ ಯಾರ ಪಾಯಕ್ಕೆ ಹೋದವೋ. ಅಪ್ಪನಿಗಿದ್ದ ಆ ನಿರಾಳ ನನಗೆ ಇವತ್ತಿಗೂ ದಕ್ಕಿಲ್ಲ. ಅವನು ಮುಂದೆ ಮುಂದೆ ನಡೆದುಹೋದ, ನಾನು ಇನ್ನೂ ಆ ತಿರುವಿನಲ್ಲೇ ನಿಂತು ಹಿಂದಕ್ಕೆ ನೋಡುತ್ತಿದ್ದೇನೆ.