ಟ್ಯಾಂಕಿನ ಮುಚ್ಚಳದ ತೂತು

೧೯೭೪ರ ಬೇಸಿಗೆಯಲ್ಲಿ ನಾನು ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಗ್ಯಾರೇಜಿನಲ್ಲಿ ಹೆಡ್ ಮಿಸ್ತ್ರಿಯಾಗಿದ್ದೆ. ವಯಸ್ಸು ಇಪ್ಪತ್ತೆಂಟು. ಸೊಲ್ಲಾಪುರದಲ್ಲಿ ಆರು ವರ್ಷ ಕೆಲಸ ಕಲಿತು ಬಂದಿದ್ದೆ. ಇಂಡಿ, ಸಿಂದಗಿ, ಬಾಗೇವಾಡಿ ಕಡೆಯಿಂದಲೂ ಕಾರ್ಬುರೇಟರ್ ಕೆಲಸಕ್ಕೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ ಅದು. ಅದರೊಳಗಿನ ಜೆಟ್ಟುಗಳಲ್ಲಿ ಸೂಜಿಮೊನೆಯಷ್ಟು ತೂತು, ಅಲ್ಲಿ ಕಸ ಸಿಕ್ಕರೆ ಗಾಡಿ ನಿಂತಂತೆಯೇ. ಅದನ್ನು ಬಿಚ್ಚಿ ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅದಕ್ಕೇ ತಲೆಗೆ ಕೋಡು ಮೂಡಿದ್ದವು.

ಊರಿನ ದೊಡ್ಡ ವಕೀಲರೊಬ್ಬರ ಬಳಿ ಹಳೆಯದೊಂದು ಕರಿ ಕಾರಿತ್ತು. ಅದನ್ನು ಹನ್ನೆರಡು ವರ್ಷ ನಡೆಸಿದವನು ಸಿಂದಗಿ ತಾಲೂಕಿನ ದೇವಣಗಾಂವದ ಮೈಬೂಸಾಬ. ಕಾರಿನ ಪೆಟ್ರೋಲ್ ಮುಳ್ಳು ಎಂದೋ ಕೆಟ್ಟಿತ್ತು. ಹೀಗಾಗಿ ದಿನಾ ಮುಂಜಾನೆ ಟ್ಯಾಂಕಿನ ಮುಚ್ಚಳ ತೆಗೆದು, ಕಡ್ಡಿ ಇಳಿಬಿಟ್ಟು, ಪೆಟ್ರೋಲ್ ಎಷ್ಟಿದೆಯೆಂದು ನೋಡಿಯೇ ಅವನು ಹೊರಡುತ್ತಿದ್ದ.

ಆ ಏಪ್ರಿಲಿನಲ್ಲಿ ಕಾರು ಒಂದು ವಿಚಿತ್ರ ರೋಗ ಹಿಡಿಸಿಕೊಂಡಿತು. ಮನೆಯ ಮುಂದೆ ಒಂದೇ ಸಲಕ್ಕೆ ಶುರುವಾಗುವುದು, ಏಳೆಂಟು ಮೈಲಿ ಓಡಿ ಕೆಮ್ಮಿ ನಿಂತುಬಿಡುವುದು. ಆಮೇಲೆ ಎಷ್ಟು ಹ್ಯಾಂಡಲ್ ಹೊಡೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಮನೆಗೆ ಎಳೆದು ತಂದರೆ ಮರುದಿನ ಮುಂಜಾನೆ ಮತ್ತೆ ಸರಾಗ ಶುರು. ಮೂರನೆಯ ಸಲ ನಿಂತದ್ದು ಬಾಗೇವಾಡಿ ರಸ್ತೆಯಲ್ಲಿ, ಒಂದು ಚಹಾದಂಗಡಿಯ ಎದುರಿಗೆ. ಅಂದು ವಿಜಾಪುರದ ಕೋರ್ಟಿನಲ್ಲಿ ವಕೀಲರದೊಂದು ದೊಡ್ಡ ಕೇಸಿತ್ತು. ಬಸ್ಸಿನವರ ಕೈಯಲ್ಲಿ ನನಗೆ ಹೇಳಿಕಳಿಸಿದರು. ನಾನು ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ ದಾಟಿತ್ತು, ಕೇಸಿನ ವೇಳೆ ಮೀರಿಹೋಗಿತ್ತು. ಸುತ್ತ ಹತ್ತು ಹದಿನೈದು ಮಂದಿ ನೆರೆದು ಆಳಿಗೊಂದು ಸಲಹೆ ಕೊಡುತ್ತಿದ್ದರು.

ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ, ಮತ್ತೆ ಹಾಕಿದೆ. ಆಮೇಲೆ ಕಾರ್ಬುರೇಟರ್ ಬಿಚ್ಚಿದೆ. ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿ ಚಿಟಿಕೆ ಕಸ, ನಾಲ್ಕು ಹನಿ ನೀರು ಕಂಡವು. ಯಾವ ಹಳೆಯ ಗಾಡಿಯಲ್ಲಿ ಅಷ್ಟು ಇರುವುದಿಲ್ಲ ಹೇಳಿ! ಜೆಟ್ಟು ಊದಿ, ಎಲ್ಲ ಜೋಡಿಸಿ ಹ್ಯಾಂಡಲ್ ಹೊಡೆದರೆ ಇಂಜಿನ್ ಗುರ್ ಎಂದಿತು. ನೆರೆದವರು ಭೇಷ್ ಅಂದರು. ನನಗೂ ಅದೇ ಬೇಕಾಗಿತ್ತು.

ವಕೀಲರ ಮುಖ ಕೆಂಡವಾಗಿತ್ತು. "ಮಿಸ್ತ್ರಿ, ಒಂದ ಮಾತಿನ್ಯಾಗ ಹೇಳು. ದೋಷ ಗಾಡ್ಯಾಗ ಅದನೋ, ಮನುಷ್ಯಾನ್ಯಾಗ ಅದನೋ?" ಎಂದರು.

ಪೆಟ್ರೋಲ್ ತುಟ್ಟಿಯಾದ ಕಾಲ. ಡ್ರೈವರುಗಳು ಪೆಟ್ರೋಲ್ ತೆಗೆದು ಮಾರಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬೆರೆಸುತ್ತಾರೆಂಬ ಮಾತು ಎಲ್ಲೆಲ್ಲೂ ಇತ್ತು. ಅದೇ ನನ್ನ ಬಾಯಿಗೆ ಬಂತು. "ಗಾಡಿ ಚೊಲೊ ಐತ್ರಿ ಸಾಹೇಬ್ರ. ಪೆಟ್ರೋಲ್ ಕೆಟ್ಟೈತಿ. ಚಿಮಣಿ ಎಣ್ಣಿ ಬೆರಸಿದಂಗ ಕಾಣತೈತಿ" ಎಂದೆ.

ಮೈಬೂಸಾಬ ಒಂದು ಹೆಜ್ಜೆ ಮುಂದೆ ಬಂದ. "ಹಿಂಗ್ಯಾಕ ಅಂತೀರಿ ಮಿಸ್ತ್ರಿ? ಒಂದ ಹನಿ ಕಾಗದದ ಮ್ಯಾಲ ಹಾಕಿ ನೋಡ್ರಿ. ಆರಿದ ಮ್ಯಾಲ ಜಿಡ್ಡಿನ ಕಲಿ ಉಳದ್ರ ನನ್ನ ಕೊಳ್ಳಾಗ ಚಪ್ಪಲಿ ಹಾರ ಹಾಕ್ರಿ."

ಅವನು ಹೇಳಿದ್ದು ಸರಿಯಾದ ಪರೀಕ್ಷೆ. ಪೆಟ್ರೋಲ್ ಕಲೆ ಬಿಡದೆ ಆರಿಹೋಗುತ್ತದೆ, ಚಿಮಣಿ ಎಣ್ಣೆಯ ಜಿಡ್ಡು ಉಳಿಯುತ್ತದೆ. ಎರಡು ನಿಮಿಷದ ಕೆಲಸ. ಆದರೆ ಹತ್ತು ಮಂದಿಯ ಮುಂದೆ ಒಬ್ಬ ಡ್ರೈವರನಿಂದ ಪಾಠ ಹೇಳಿಸಿಕೊಳ್ಳುವುದೆ? "ಸ್ಟೇರಿಂಗ್ ಹಿಡಿಯೂದು ನಿನ್ನ ಕೆಲಸ. ನನಗ ಕಲಸಾಕ ಬರಬ್ಯಾಡ" ಎಂದು ಗದರಿದೆ.

"ಕೀಲಿ ಕೊಡು. ನಾಳಿಂದ ಬರಬ್ಯಾಡ" ಎಂದರು ವಕೀಲರು.

ಅವನು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ನಡೆದುಹೋದ. ಕಾರನ್ನು ಮುದ್ದೇಬಿಹಾಳಕ್ಕೆ ನಾನೇ ತಂದೆ. ವಕೀಲರ ಅಂಗಳ ಮುಟ್ಟುವ ಹೊತ್ತಿಗೆ ಇಂಜಿನ್ ಎರಡು ಸಲ ಕೆಮ್ಮಿತು. ಕೇಳಿಯೂ ಕೇಳದವನಂತೆ ಇಳಿದು ಬಂದೆ.

ಊರೊಳಗಷ್ಟೇ ಓಡಾಡಿಕೊಂಡಿದ್ದ ಅದೇ ಕಾರು ಹದಿನೈದು ದಿನಕ್ಕೆ ಬಾಗೇವಾಡಿ ರಸ್ತೆಯಲ್ಲಿ ಮತ್ತೆ ನಿಂತಿತು. ಡ್ರೈವರ್ ಹೊಸಬ. ಹಿಂದಿನ ಸಂಜೆ ವಕೀಲರೇ ಪಂಪಿನ ಮುಂದೆ ನಿಂತು ಪೆಟ್ರೋಲ್ ಹಾಕಿಸಿದ್ದರು. ಯಾರ ಮೇಲೂ ಗೂಬೆ ಕೂರಿಸುವಂತಿರಲಿಲ್ಲ. ಈ ಸಲ ಸುತ್ತ ಜನರೂ ಇರಲಿಲ್ಲ, ಗದ್ದಲವೂ ಇರಲಿಲ್ಲ. ಟ್ಯಾಂಕಿನ ಮುಚ್ಚಳ ತಿರುವಿದೊಡನೆ ಸುಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡ ಸದ್ದು ಕೇಳಿಸಿತು. ನನ್ನ ಕೈ ಅಲ್ಲೇ ನಿಂತಿತು.

ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ತೂತಿರುತ್ತದೆ. ಪೆಟ್ರೋಲ್ ಖರ್ಚಾದಂತೆ ಅಷ್ಟು ಗಾಳಿ ಅದರಿಂದ ಒಳಗೆ ಹೋಗಬೇಕು. ಸೀಸೆಯ ಬಾಯನ್ನು ತುಟಿಯಿಂದ ಬಿಗಿಯಾಗಿ ಮುಚ್ಚಿ ಕುಡಿದರೆ ನೀರು ಬರುವುದು ನಿಲ್ಲುತ್ತದಲ್ಲ, ಹಾಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಬರುವುದೂ ನಿಲ್ಲುತ್ತದೆ. ಈ ಮುಚ್ಚಳದ ತೂತು ಪೂರ್ತಿ ಮುಚ್ಚಿಹೋಗಿತ್ತು. ತಂತಿಯಿಂದ ಕೆದರಿದರೆ ಕೆಂಪು ಹಳದಿ ಜಿಡ್ಡಿನ ಗಟ್ಟಿ ಬಂತು. ಅರಿಷಿಣ, ಕುಂಕುಮ, ತುಪ್ಪ.

ಪ್ರತಿ ಅಮಾವಾಸ್ಯೆಗೆ ವಕೀಲರ ಹೆಂಡತಿ ವೈನಿಯವರು ಕಾರಿಗೆ ಪೂಜೆ ಮಾಡುತ್ತಿದ್ದರು. ಪೆಟ್ರೋಲ್ ಹಾಕುವ ಜಾಗ ಗಾಡಿಯ ಬಾಯಿಯೆಂದು ಆ ಮುಚ್ಚಳಕ್ಕೂ ಅರಿಷಿಣ ಕುಂಕುಮ ಹಚ್ಚುವರು, ಗಾಳಿಗೆ ಹಾರದಿರಲೆಂದು ತುಪ್ಪದಲ್ಲಿ ಕಲಸಿ. ತಿಂಗಳ ಮೇಲೆ ತಿಂಗಳು ಪದರು ಕೂತಿತ್ತು. ಮೈಬೂಸಾಬ ದಿನಾ ಗಾಡಿ ತೊಳೆದರೂ ಅವರು ಹಚ್ಚಿದ್ದನ್ನು ತಾನು ಒರೆಸಬಾರದೆಂದು ಅಷ್ಟು ಜಾಗ ಬಿಡುತ್ತಿದ್ದನಂತೆ. ಅವನು ಮುಂಜಾನೆ ಕಡ್ಡಿ ಇಳಿಬಿಡಲು ಮುಚ್ಚಳ ತೆಗೆದಾಗ ಒಳಗೆ ಹೋದ ಗಾಳಿಯಿಂದಲೇ ಕಾರು ಎಂಟು ಮೈಲಿ ಓಡುತ್ತಿತ್ತು. ಅಂದು ರಸ್ತೆಯಲ್ಲಿ ಗಾಡಿ ಶುರುವಾದದ್ದೂ ನಾನು ಮೂಸಲೆಂದು ಮುಚ್ಚಳ ತೆಗೆದದ್ದಕ್ಕೆ, ನನ್ನ ಕೈಚಳಕದಿಂದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ಗಟ್ಟಿಯನ್ನು ಕಾಗದದಲ್ಲಿ ಕಟ್ಟಿಕೊಂಡು ನೆಟ್ಟಗೆ ವಕೀಲರಲ್ಲಿಗೆ ಹೋದೆ. "ತಪ್ಪು ನಂದ್ರಿ. ಮೈಬೂಸಾಬನ್ನ ವಾಪಸ್ ಕರಸ್ರಿ" ಎಂದೆ.

ಅವರು ಒಳಗಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಈ ಮಾತು ಇಲ್ಲೇ ಬಿಡು. ಅಕಿ ಕೇಳಿದ್ರ ಅಪಶಕುನ ಅಂತ ಮನಸ್ಸಿಗೆ ಹಚ್ಚಿಕೋತಾಳ. ಹೊಸಾ ಡ್ರೈವರ್ ಬಂದಾನ. ಆಗಿದ್ದು ಆಗಿಹೋತು."

ದಿನಾ ಕೋರ್ಟಿನಲ್ಲಿ ಸಾಕ್ಷಿ ಎಲ್ಲಿದೆ, ಪುರಾವೆ ಎಲ್ಲಿದೆ ಎಂದು ಗುಡುಗುವ ಮನುಷ್ಯ! ಅಂದು ರಸ್ತೆಯಲ್ಲಿ ಒಂದು ಪುರಾವೆಯನ್ನೂ ಕೇಳಿರಲಿಲ್ಲ. ಅವರನ್ನು ಬೈದು ಏನು ಮಾಡಲಿ, ಮಾತು ಆಡಿದವನು ನಾನು.

ಮರುದಿನ ದೇವಣಗಾಂವಕ್ಕೆ ಹೋದೆ. ಮೈಬೂಸಾಬ ರಸ್ತೆ ಕೆಲಸದಲ್ಲಿ ಕಲ್ಲು ಒಡೆದು ಆಗಷ್ಟೇ ಮನೆಗೆ ಬಂದಿದ್ದ. ಸಿಂದಗಿ, ಇಂಡಿ ಎರಡೂ ಕಡೆ ಡ್ರೈವರ್ ಕೆಲಸ ಕೇಳಿದ್ದನಂತೆ. ಚಿಮಣಿ ಎಣ್ಣೆ ಡ್ರೈವರ್ ಎಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಒಳಗೆ ಕರೆದು ಚಾಪೆ ಹಾಸಿದ, ನೀರು ಕೊಟ್ಟ. ನಡೆದದ್ದನ್ನೆಲ್ಲ ಹೇಳಿ ಕೈಮುಗಿದೆ.

ಅವನು ಸಿಟ್ಟಾಗಲಿಲ್ಲ. "ಕಳ್ಳ ಅಂತ ರೋಡಿನ ಮ್ಯಾಲ ನಿಂತು ಹೇಳಿದ್ರಿ ಮಿಸ್ತ್ರಿ. ಕಳ್ಳ ಅಲ್ಲ ಅಂತ ಮನಿಯೊಳಗ ಕುಂತು ಹೇಳಾಕತ್ತೀರಿ. ಸ್ಟ್ಯಾಂಡಿನ್ಯಾಗ ನಾಕ ಮಂದಿ ಮುಂದ ಹೇಳ್ತೀರೇನು? ನನಗ ಮತ್ತೇನೂ ಬ್ಯಾಡ."

"ಹೇಳ್ತೇನಿ" ಎಂದೆ.

ಸಂಜೆ ಮುದ್ದೇಬಿಹಾಳದಲ್ಲಿ ಇಳಿದಾಗ ಸ್ಟ್ಯಾಂಡಿನ ಹೋಟೆಲಿನಲ್ಲಿ ಡ್ರೈವರುಗಳು, ಗಾಡಿ ಮಾಲೀಕರು ಎಲ್ಲ ಕೂತಿದ್ದರು. ಒಬ್ಬ ತಾನಾಗಿಯೇ ಕೇಳಿದ: "ಏನ್ ಮಿಸ್ತ್ರಿ, ಬಾಗೇವಾಡಿ ರೋಡಿನ್ಯಾಗ ವಕೀಲರ ಗಾಡಿಗೆ ಏನಾಗಿತ್ತು?"

ಎಲ್ಲರೂ ನನ್ನ ಕಡೆ ತಿರುಗಿದರು. ಸೊಲ್ಲಾಪುರದಲ್ಲಿ ಕಲಿತು ಬಂದವನು ಮುಚ್ಚಳದ ತೂತು ನೋಡಲಿಲ್ಲವೆಂದರೆ ನಾಳೆ ನನ್ನ ಗ್ಯಾರೇಜಿಗೆ ಯಾರು ಬರುತ್ತಾರೆ?

"ಏನಿಲ್ಲ. ಜೆಟ್ಟಿನ್ಯಾಗ ಕಸ" ಎಂದು ಚಹಾ ತರಿಸಿದೆ.

ಮೈಬೂಸಾಬ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಕಲ್ಲು ಒಡೆಯುತ್ತಲೇ ಮುದುಕನಾಗಿ ಸತ್ತನೆಂದು ಕೇಳಿದೆ. ಅವನ ಮನೆ ಕಡೆ ನಾನು ತಿರುಗಿ ಹೋಗಲಿಲ್ಲ. ನಿಂತ ಗಾಡಿಯ ಮುಚ್ಚಳವನ್ನು ಮೊದಲು ನೋಡಬೇಕೆಂದು ನನ್ನ ಕೈಕೆಳಗಿನವರಿಗೆಲ್ಲ ಕಲಿಸಿದೆ. ಮಿಸ್ತ್ರಿ ಭಾರೀ ಶಾಣ್ಯಾ ಎಂದು ಅವರು ಹೊಗಳಿದರೆ ಸುಮ್ಮನಿದ್ದೆ. ಮಿಸ್ತ್ರಿ ಹೇಳಿದ್ದನ್ನು ಜನ ಪರೀಕ್ಷಿಸಿ ನೋಡುವುದಿಲ್ಲ, ನಂಬಿಬಿಡುತ್ತಾರೆ. ಆದ್ದರಿಂದ ಗೊತ್ತಿಲ್ಲದಾಗ ಗೊತ್ತಿಲ್ಲ ಅನ್ನಬೇಕು. ಈ ಪಾಠ ಕಲಿಯಲು ನನ್ನದೇನೂ ಹೋಗಲಿಲ್ಲ, ಹೋದದ್ದು ಮೈಬೂಸಾಬನ ಅನ್ನ.