ರಂಗೋಲಿ ಇಲ್ಲದ ಹೊಸ್ತಿಲು

ನನ್ನ ಮಗಳು ಶಿವಮೊಗ್ಗದಲ್ಲಿ ಕಾಲೇಜು ಹುಡುಗರಿಗೆ ವಿಜ್ಞಾನ ಹೇಳಿಕೊಡ್ತಾಳೆ. ಮದುವೆಯಾಗಿ ಬಹಳ ವರ್ಷಕ್ಕೆ ಬಸುರಿಯಾದಳು. ಡಾಕ್ಟರು ಮಲಗೇ ಇರಬೇಕು ಅಂದರು. ಅದಕ್ಕೇ ನಾನು ಭದ್ರಾವತಿಯಿಂದ ಬಂದು ಗೋಪಾಳದ ಅವಳ ಮನೆಯಲ್ಲಿ ಉಳಿದೆ.

ಒಂದು ಮಧ್ಯಾಹ್ನ ಹುರುಳಿ ಆರಿಸ್ತಾ ಕೂತಿದ್ದೆ. ಮಗಳು ಮಲಗಿದ್ದಲ್ಲಿಂದಲೇ ಮೊಬೈಲು ನನ್ನ ಮುಖಕ್ಕೆ ಹಿಡಿದಳು. ಕಪ್ಪು ಆಕಾಶದಲ್ಲಿ ಕೆಂಪಗೆ, ಹೊಗೆ ಥರದ ಒಂದು ಮೋಡ. ಮುದಿ ನಕ್ಷತ್ರ ಸಾಯುವಾಗ ಮೈಮೇಲಿನದನ್ನೆಲ್ಲ ಊದಿ ಬಿಡುತ್ತಂತೆ. ಹಾಗೆ ಊದಿದ ಹೊಗೆಗೆ ಗ್ರಹ ನೀಹಾರಿಕೆ ಅಂತ ಹೆಸರು, ಗ್ರಹಕ್ಕೂ ಅದಕ್ಕೂ ಸಂಬಂಧವೇ ಇಲ್ಲವಂತೆ. ಓದಿದವರು ಈ ಮೋಡವನ್ನೂ ಮೊದಲು ಅಂಥದ್ದೇ ಅಂದುಕೊಂಡಿದ್ದರಂತೆ. ಆಮೇಲೆ ಸರಿಯಾಗಿ ನೋಡಿದರೆ ಅದರೊಳಗೆ ಹೊಸ ನಕ್ಷತ್ರ ಹುಟ್ಟುತ್ತಾ ಇದ್ದವಂತೆ.

"ಸಾವಿನ ಮನೆ ಅಂದುಕೊಂಡಿದ್ದರು ಅಮ್ಮಾ, ಅದು ಬಾಣಂತಿ ಮನೆ" ಅಂದಳು.

ಅದೇನು ಮಹಾ, ಅಂಥ ತಪ್ಪು ನಾನೂ ಮಾಡಿದೀನಿ ಅಂದೆ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದಾಗ ಎದುರು ಮನೆಯ ಮುದುಕಿಗೆ ಹುಷಾರಿರಲಿಲ್ಲ. ಒಂದು ಬೆಳಿಗ್ಗೆ ಅವರ ಬಾಗಿಲಲ್ಲಿ ರಂಗೋಲಿ ಇಲ್ಲ. ಸೂತಕ ಅಂದುಕೊಂಡು ಸೆರಗು ಬಾಯಿಗಿಟ್ಟು ಅಳ್ತಾ ಹೋದೆ. ಬಾಗಿಲು ತೆಗೆದದ್ದು ಆ ಮುದುಕಿಯೇ. ಸೊಸೆಗೆ ಹೆರಿಗೆಯಾಗಿತ್ತು, ಪುರುಡು ಅಂತ ರಂಗೋಲಿ ಇಟ್ಟಿರಲಿಲ್ಲ.

"ನಾನಿನ್ನೂ ಇದೀನಿ ಮಾರಾಯ್ತಿ, ಅಳೋದನ್ನ ಉಳಿಸ್ಕೋ" ಅಂದಿತು ಮುದುಕಿ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ನಗಬೇಡ, ಡಾಕ್ಟರು ಬೈತಾರೆ ಅಂದೆ.

ಏಳು ತಿಂಗಳಿಗೇ ನೋವು ಬಂತು. ಆಸ್ಪತ್ರೆಯಲ್ಲಿ ಮಗು ಹುಟ್ಟಿತು, ಒಂದು ದಿನ ಉಸಿರಾಡಿತು, ಹೋಯಿತು. ಹೆಣ್ಣು. ಅಳಿಯ ಕೈಯಲ್ಲೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ.

ಮಗಳನ್ನು ಮನೆಗೆ ಕರ್ಕೊಂಡು ಬಂದ ಮರುದಿನ ಬಾಗಿಲು ಗುಡಿಸಿ ನೀರು ಹಾಕಿದೆ, ರಂಗೋಲಿ ಇಡಲಿಲ್ಲ. ಹಾಲಿಗೆ ಹೊರಟಿದ್ದ ಪಕ್ಕದ ಬೀದಿಯವಳು ನಮ್ಮ ಹೊಸ್ತಿಲು ನೋಡಿ ನಿಂತಳು. ಬಸುರಿ ಇದ್ದ ಮನೆ, ರಂಗೋಲಿ ಇಲ್ಲ. ಅವಳ ಮುಖ ಅರಳಿತು. ಆ ಮೋಡ ನೋಡಿದವರು ಮಾಡಿದ ತಪ್ಪೇ, ತಿರುಗುಮುರುಗು.

"ಯಾವಾಗ ಆಯ್ತು ಅಜ್ಜೀ? ಗಂಡೋ ಹೆಣ್ಣೋ?"

ಕಿಟಕಿ ಪಕ್ಕದ ಮಂಚದಲ್ಲೇ ಮಗಳು ಮಲಗಿದ್ದಳು. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದಿತ್ತು. ನಾನು ಗೇಟಿನ ತನಕ ಹೋಗಿ ಮೆಲ್ಲಗೆ ಹೇಳಿದೆ. ಆ ಹೆಂಗಸು ಹಾಲಿಗೂ ಹೋಗದೆ ಖಾಲಿ ಪಾತ್ರೆ ಹಿಡಿದುಕೊಂಡು ವಾಪಸು ಹೋದಳು. ಪಾಪ, ಅವಳದೇನು ತಪ್ಪು. ಸ್ವಲ್ಪ ಹೊತ್ತಿಗೆ ತರಕಾರಿ ಗಾಡಿಯವನು ಸಿಹಿ ಎಲ್ಲಿ ಅಂತ ಕೇಳಿದ. ಆಮೇಲೆ ಇನ್ನೊಬ್ಬಳು. ಕೇಳಿದಾಗೆಲ್ಲ ಒಳಗೆ ಮಂಚ ಕಿರುಗುಟ್ಟೋದು. ಮಗಳು ಗೋಡೆ ಕಡೆ ತಿರುಗಿಕೊಳ್ತಿದ್ದಳು.

ಮಾರನೇ ಬೆಳಿಗ್ಗೆ ರಂಗೋಲಿ ಡಬ್ಬಿ ತೆಗೆದೆ. ಸೂತಕ ಕಳೆದಿರಲಿಲ್ಲ. ಇಡಬಾರದು ಅನ್ನೋ ದೇವರು ಬೇಕಾದರೆ ಬಾಗಿಲಲ್ಲಿ ಕೂತು ಬಂದವರಿಗೆ ಉತ್ತರ ಕೊಡಲಿ. ನಾಲ್ಕು ಎಳೆ ಎಳೆದೆ. ಜನ ನೋಡಿಕೊಂಡು ಸುಮ್ಮನೆ ಹೋದರು. ಇನ್ನೂ ಹೆರಿಗೆ ಆಗಿಲ್ಲ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಕೈ ತೊಳೆದು ಒಳಗೆ ಬಂದರೆ ಮಗಳು ಕಿಟಕಿಯಿಂದ ಹೊಸ್ತಿಲನ್ನೇ ನೋಡ್ತಿದ್ದಳು.

"ನಾಳೆನೂ ಇಡಮ್ಮಾ" ಅಂದಳು.