ಐದನೇ ನಂಬರಿನ ಕೋವಿ

ನನ್ನ ಪಾಲಿಗೆ ಬಂದದ್ದು ಐದನೇ ನಂಬರಿನ ಕೋವಿ. ಅದರ ಹಿಡಿ ಮರದ್ದಲ್ಲ, ಕಪ್ಪು ಪ್ಲಾಸ್ಟಿಕ್ಕಿನದು. ಮೊದಲ ದಿನ ಅದನ್ನು ಕೈಗೆತ್ತಿಕೊಂಡಾಗ, ನನ್ನ ಜೊತೆ ಬಂದಿದ್ದ ನಮ್ಮ ಮೇಲಿನ ಮನೆಯವಳು ಬೆರಳಿನಿಂದ ತಟ್ಟಿ ನೋಡಿ, "ಅಕ್ಕಾ, ನಮ್ಮನೆ ಬಕೆಟ್ಟೇ ಇದಕ್ಕಿಂತ ಗಟ್ಟಿಯಾಗಿದೆ ಕಣ್ರೀ," ಅಂದಳು. ಅವಳು ಬೆಂಗಳೂರಿನವಳು. ಯಾವ ಸಾಮಾನನ್ನೂ ತಟ್ಟಿ ನೋಡದೆ ಬಿಡುವವಳಲ್ಲ.

ವಿಶ್ವಕಪ್ಪಿಗಾಗಿ ದೋಹಾದ ರಸ್ತೆಗಳನ್ನೆಲ್ಲ ಅಗೆದು ಮುಚ್ಚುತ್ತಿದ್ದ ವರ್ಷ ಅದು. ಊರ ಹೊರಗಿನ ಶೂಟಿಂಗ್ ರೇಂಜೊಂದರಲ್ಲಿ ಮಂಗಳವಾರ ಬೆಳಿಗ್ಗೆ ಒಂದು ಗಂಟೆ ಗೃಹಿಣಿಯರಿಗೆ ಪುಕ್ಕಟೆ ಕಲಿಸುತ್ತಾರೆಂದು ಸುದ್ದಿ ತಂದವಳು ಮೇಲಿನ ಮನೆಯವಳೇ. ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಎಳೆದಳು. ಮನೆಯಲ್ಲಿ ಹೇಳಿದಾಗ ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ.

"ನಿನಗೆ ಎಂತಕ್ಕೆ ಮಾರಾಯ್ತಿ ಕೋವಿ? ಜಿರಳೆ ಕಂಡ್ರೆ ಕುರ್ಚಿ ಹತ್ತುವವಳು."

"ಜಿರಳೆ ಹಾರ್ತದೆ ಮಾರಾಯ್ರೆ. ಅಲ್ಲಿ ಗುರಿಗೆ ಕಟ್ಟಿದ ಕಾಗದ ಹಾರುದಿಲ್ಲ."

ಹತ್ತನೇ ಕ್ಲಾಸಿನ ಮಗಳು ಇಂಗ್ಲಿಷಿನಲ್ಲಿ ನಕ್ಕು, ತನಗೆ ಬರುವಷ್ಟು ಕನ್ನಡದಲ್ಲಿ, "ಅಮ್ಮನ ಬುಲೆಟ್ ಫಸ್ಟ್ 'ಸಾರೀ' ಹೇಳ್ತದೆ, ಆಮೇಲೆ ಹೋಗ್ತದೆ," ಅಂದಳು.

ಅಲ್ ಮನ್ಸೂರಾ ಬಡಾವಣೆಯ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿ ತೆರೆದರೆ ಎದುರಿನ ಕಟ್ಟಡದ ಏಸಿ ಡಬ್ಬಗಳ ಬೆನ್ನು ಕಾಣುತ್ತದೆ. ಹನ್ನೊಂದು ವರ್ಷ ಅದನ್ನೇ ನೋಡಿಕೊಂಡು ಒಗ್ಗರಣೆ ಹಾಕಿದ್ದೇನೆ. ದೇವಿಯ ದಯೆಯಿಂದ ಕೊರತೆ ಏನೂ ಇರಲಿಲ್ಲ. ಆದರೆ ಹೊರಗೆ ಹೋಗುವುದೆಂದರೆ ಗಂಡನಿಗೆ ಬಿಡುವಾದಾಗ, ಮಗಳಿಗೆ ಬೇಕಾದಲ್ಲಿಗೆ. ನನ್ನ ಹೆಸರಿನಲ್ಲಿ ಬರೆದಿಟ್ಟ ಒಂದು ಗಂಟೆ ಎಂಬುದು ಆ ಮಂಗಳವಾರದ ತನಕ ನನಗೆ ಇರಲಿಲ್ಲ. ಕ್ಲಾಸಿನಲ್ಲಿ ನಾವು ಐದು ಮಂದಿ ಹೆಂಗಸರು, ಐವರಿಗೂ ಹಾಗೇ. ಆ ಗಂಟೆಯ ರುಚಿ ಹತ್ತಿದ ಮೇಲೆ ಸೋಮವಾರವೇ ಎರಡು ದಿನದ ಸಾರು ಮಾಡಿಡುತ್ತಿದ್ದೆವು.

ಕೋವಿಯ ವಿಷಯ ಹೇಳುತ್ತೇನೆ. ಅದು ಪಾಯಿಂಟ್ ಟೂ ಟೂ. ಗುಂಡು ನನ್ನ ಕಿರುಬೆರಳಿನ ಒಂದು ಗೆಣ್ಣಿನಷ್ಟು. ಅದರ ತಳದ ಅಂಚಿನೊಳಗೆ ಸುತ್ತಲೂ ಕಿಡಿಮದ್ದು ಇರುತ್ತದೆ, ಪಿನ್ನು ಆ ಅಂಚಿಗೆ ಬಡಿದರೆ ಸಿಡಿಯುತ್ತದೆ. ಹತ್ತು ಗುಂಡು ತುಂಬಿಸಿಟ್ಟರೆ ಒಂದು ಹಾರಿದ ಕೂಡಲೇ ಇನ್ನೊಂದು ತಾನೇ ಬಂದು ಕೂರುತ್ತದೆ. ನಾವು ಬೆರಳು ಒತ್ತಿದಷ್ಟು ಸಲ ಮಾತ್ರ ಹಾರುತ್ತದೆ. ಭುಜಕ್ಕೆ ಪೆಟ್ಟಿಲ್ಲ, ಮಗು ತಲೆಯಿಂದ ಮೆಲ್ಲಗೆ ಗುದ್ದಿದ ಹಾಗೆ, ಅಷ್ಟೆ. ತೂಕ ಅಕ್ಕಿಚೀಲಕ್ಕಿಂತ ಎಷ್ಟೋ ಕಡಿಮೆ. ನನ್ನಂಥ ನಲವತ್ತಾರರ ಹೆಂಗಸಿಗೆ ಇವೆಲ್ಲ ದೇವರು ಮಾಡಿದ ಉಪಕಾರಗಳೇ.

ಅಗ್ಗದ ಸಾಮಾನಿನ ಗುಣ ಅದರಲ್ಲಿಯೂ ಇತ್ತು. ಅದರ ಕುದುರೆ, ಅಂದರೆ ಟ್ರಿಗರ್, ಒತ್ತುವುದೆಂದರೆ ಹಳೆಯ ಗ್ರೈಂಡರಿನ ಸ್ವಿಚ್ಚು ಒತ್ತಿದಂತೆ, ಗರಗರ ಎಂದು ಅರ್ಧ ದಾರಿಗೆ ನಿಂತು, ಮನಸ್ಸು ಬಂದಾಗ ಬೀಳುತ್ತಿತ್ತು. ಒಂದು ಜಾತಿಯ ಗುಂಡು ಹಿಡಿಸಿದರೆ ಇನ್ನೊಂದು ಹಿಡಿಸದು. ಐವತ್ತು ಗುಂಡಿಗೆ ಒಳಗೆಲ್ಲ ಮಸಿ. ಮಸಿ ಕಟ್ಟಿದರೆ ಗುಂಡು ಅಡ್ಡ ಸಿಕ್ಕಿಕೊಂಡು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತು. ಇನ್ನೂ ದೊಡ್ಡ ಕೇಡೆಂದರೆ, ಮುಂದಿನ ಗುಂಡು ಸಿದ್ಧವಿದೆ ಎಂಬ ಧೈರ್ಯಕ್ಕೆ ಗುರಿ ನೋಡದೆ ಟಪಟಪ ಹೊಡೆಯುವ ಚಟ. ನಮ್ಮ ಕೋಚ್ ಟ್ಯುನಿಷಿಯಾದ ಹೆಂಗಸು, ಇಂಗ್ಲಿಷಿಗೆ ಅರಬಿ ಬೆರೆಸಿ ಮಾತಾಡುವವಳು. ನಾನು ಅವಸರ ಮಾಡಿದಾಗಲೆಲ್ಲ ಹಿಂದೆ ನಿಂತು, "ಶ್ವಯ್ ಶ್ವಯ್. ನಿಧಾನ. ಬಸ್ಸು ತಪ್ಪುವುದಿಲ್ಲ," ಅನ್ನುತ್ತಿದ್ದಳು. ಕೊನೆಗೆ ನಾನೇ ಒಂದು ದಾರಿ ಕಂಡುಕೊಂಡೆ. ಉಸಿರು ಬಿಡುತ್ತ ದೇವಿಯ ನಾಮ ಹೇಳುವುದು, 'ನಮಃ' ಮುಗಿದು ಉಸಿರು ನಿಂತ ಕ್ಷಣದಲ್ಲಿ ಬೆರಳು ಒತ್ತುವುದು. ಅಂಕ ಕೊಡು ಎಂದು ದೇವಿಯನ್ನು ಕೇಳಲಿಲ್ಲ. ಕೈ ನಡುಗದಿರಲಿ ಎಂದಷ್ಟೇ ಕೇಳಿದೆ.

ನವರಾತ್ರಿಯ ಹೊತ್ತಿಗೆ ರೇಂಜಿನ ಮ್ಯಾನೇಜರು ಹೇಳಿಕಳಿಸಿದ. ನಿಮ್ಮ ಮಂಗಳವಾರದ ಗಂಟೆಯನ್ನು ಶಾಲೆಯೊಂದರ ತಂಡ ಕೇಳುತ್ತಿದೆ. ಗುರುವಾರ ನಿಮಗೊಂದು ಪರೀಕ್ಷೆ. ಐವರೂ ಒಬ್ಬೊಬ್ಬರಾಗಿ ಹದಿನೈದು ನಿಮಿಷದೊಳಗೆ ಹತ್ತು ಹತ್ತು ಗುಂಡು ಹೊಡೆಯಬೇಕು, ಗುಂಡಿಗೆ ಹೆಚ್ಚೆಂದರೆ ಹತ್ತು ಅಂಕ. ಐನೂರಕ್ಕೆ ಮುನ್ನೂರೈವತ್ತು ಬಂದರೆ ಗಂಟೆ ನಿಮ್ಮದು, ಬಾರದಿದ್ದರೆ ಖಲಾಸ್.

ಅದರ ಹಿಂದಿನ ಮಂಗಳವಾರವೇ ಆಯುಧಪೂಜೆ. ಊರಲ್ಲಿ ನಮ್ಮ ಪೂಜೆ ಕತ್ತಿಗೆ, ತೆಂಗಿನಕಾಯಿ ಸುಲಿಯುವ ಹಾರೆಗೆ, ಹೊಲಿಗೆ ಮಿಷನಿಗೆ. ಇಲ್ಲಿ ಮಿಕ್ಸಿಗೆ, ಕಾರಿಗೆ, ನಮ್ಮವರ ಲ್ಯಾಪ್‌ಟಾಪಿಗೆ. ಆಯುಧ ಎಂಬ ಮಾತಿಗೆ ತಕ್ಕದ್ದು ನನ್ನ ಕೈಯಲ್ಲಿರುವುದು ಇದೇ ಮೊದಲು, ಬಿಡುವುದು ಹೇಗೆ? ಕೋಚನ್ನು ಕೇಳಿದೆ. "ಮಾಫಿ ಮುಶ್ಕಿಲ್, ತೊಂದರೆ ಇಲ್ಲ. ಗುರಿ ನೋಡುವ ಜಾಗ ಮುಚ್ಚಬೇಡ," ಅಂದಳು. ಕ್ಲಾಸು ಮುಗಿದು ಎಲ್ಲರೂ ಕೋವಿ ಒರೆಸುತ್ತಿದ್ದಾಗ ಹಿಡಿಯ ಮೇಲೆ ಒಂದು ಕುಂಕುಮದ ಬೊಟ್ಟು ಇಟ್ಟೆ. ರೇಂಜಿನ ಎಣ್ಣೆಗೆ ಪೆಟ್ರೋಲಿನ ವಾಸನೆ. ಹಬ್ಬದ ದಿನ ಅದು ಬೇಡವೆನಿಸಿತು. ಮನೆಯಿಂದ ದೀಪದ ತೆಂಗಿನೆಣ್ಣೆಯನ್ನು ಪುಟ್ಟ ಬಾಟಲಿಯಲ್ಲಿ ತಂದಿದ್ದೆ. ನಮ್ಮ ಅತ್ತೆ ಹೊಲಿಗೆ ಮಿಷನಿಗೂ ಬಾಗಿಲಿನ ತಿರುಗಣಿಗೂ ಜೀವಮಾನವಿಡೀ ಅದನ್ನೇ ಹಾಕಿದವರು. ನಾನೂ ಭಕ್ತಿಯಿಂದ ಕೋವಿಯ ಒಳಗೆಲ್ಲ ಧಾರಾಳವಾಗಿ ಹಚ್ಚಿದೆ. ಒಳಗಿನ ಕಬ್ಬಿಣದ ತುಂಡನ್ನು ಎಳೆದು ಬಿಟ್ಟರೆ ಬೆಣ್ಣೆಯ ಹಾಗೆ ಜಾರಿತು. ನನಗೇ ಹೆಮ್ಮೆ.

ಗುರುವಾರ ಉಳಿದ ನಾಲ್ವರೂ ಹೊಡೆದು ಮುಗಿಸಿದಾಗ ಇನ್ನೂರ ಎಪ್ಪತ್ತೊಂಬತ್ತು. ನನ್ನಿಂದ ಎಪ್ಪತ್ತೊಂದು ಬೇಕು. ನಾನು ಆ ತನಕ ಹೊಡೆದದ್ದರಲ್ಲಿ ಅತಿ ಹೆಚ್ಚೆಂದರೆ ಎಪ್ಪತ್ತೆರಡು.

ಮೊದಲ ಗುಂಡು ಎಂಟು. ಎರಡನೆಯದು ಏಳು. ಮೂರನೆಯದು ಐದಕ್ಕೆ ಬಿತ್ತು. ನಾಲ್ಕನೆಯದಕ್ಕೆ ಬೆರಳು ಒತ್ತಿದರೆ ಸದ್ದೇ ಇಲ್ಲ. ಗುಂಡನ್ನು ಒಳಗೆ ತಳ್ಳುವ ಕಬ್ಬಿಣದ ತುಂಡು ಅರ್ಧಕ್ಕೆ ನಿಂತಿತ್ತು. ಕೈ ಎತ್ತಿದೆ. ಕೋಚ್ ಬಂದು ಗುಂಡು ತೆಗೆದು ಆ ತುಂಡನ್ನು ಹಿಂದಕ್ಕೆ ಎಳೆದಳು. ಬಿಟ್ಟರೆ ಅದು ಗರ್ಭಿಣಿ ಮೆಟ್ಟಿಲು ಇಳಿದ ಹಾಗೆ ಮೆಲ್ಲಮೆಲ್ಲಗೆ ಮುಂದೆ ಬಂತು. ಗಡಿಯಾರ ಓಡುತ್ತಲೇ ಇತ್ತು. ನಿಲ್ಲಿಸುವ ನಿಯಮ ಇರಲಿಲ್ಲ.

ಅಗ್ಗದ ಕೋವಿಯ ಒಂದು ಉಪಕಾರ, ಎರಡು ಸ್ಕ್ರೂ ಬಿಚ್ಚಿದರೆ ಹೊಟ್ಟೆಯೊಳಗಿನದೆಲ್ಲ ಕೈಗೆ ಬರುತ್ತದೆ. ಬಂತು. ಕೋಚ್ ಬಿಚ್ಚಿದಾಗ ಸಂದುಗೊಂದುಗಳಲ್ಲೆಲ್ಲ ಬೆಳ್ಳಗೆ ಗಟ್ಟಿ ಜಿಡ್ಡು. ಕೋಚ್ ಮೂಸಿ ನೋಡಿ ಹುಬ್ಬು ಗಂಟಿಕ್ಕಿದಳು. ನನಗೆ ಮೂಸುವ ಅಗತ್ಯವಿರಲಿಲ್ಲ. ನಮ್ಮ ಮಲಗುವ ಕೋಣೆಯ ಏಸಿಯಡಿ ಮಗಳ ತಲೆಗೆ ಹಚ್ಚುವ ಎಣ್ಣೆ ಪ್ರತಿ ದಿನ ಹೀಗೆಯೇ ಹೆಪ್ಪುಗಟ್ಟುತ್ತದೆ. ಮಂಗಳವಾರ ಕಾರಿನ ಸೆಕೆಗೆ ನೀರಾಗಿದ್ದ ಎಣ್ಣೆ, ರೇಂಜಿನ ಏಸಿಯ ಚಳಿಯಲ್ಲಿ ಎರಡು ದಿನ ಕೂತು ಮೇಣವಾಗಿತ್ತು. ಹನ್ನೊಂದು ವರ್ಷ ದಿನಾ ಕಂಡದ್ದು ಪೂಜೆಯ ಹೊತ್ತಿಗೆ ಮರೆತುಹೋಗಿತ್ತು.

"ತಪ್ಪು ನನ್ನದು," ಅಂದೆ. "ಅದನ್ನು ಇಲ್ಲಿ ಕೊಡಿ."

ಏಸಿಯ ಚಳಿಯಲ್ಲಿ ಮಗಳ ಜಡೆ ಹಾಕುವಾಗ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಆ ಕಬ್ಬಿಣದ ತುಂಡನ್ನು ಎರಡು ಅಂಗೈ ನಡುವೆ ಇಟ್ಟು ಉಜ್ಜಿದೆ. ಬಾಯಿಯ ಬಿಸಿ ಉಸಿರು ಊದಿದೆ. ಬೆಳ್ಳಗಿದ್ದದ್ದು ಕರಗಿ ಬೆರಳಿನ ಸಂದಿಯಿಂದ ಇಳಿಯತೊಡಗಿತು. ಮೇಲಿನ ಮನೆಯವಳು ಬೆನ್ನ ಹಿಂದೆ ನಿಂತು ತನ್ನ ದುಪ್ಪಟ್ಟಾದ ತುದಿ ಚಾಚಿದಳು.

"ಒರೆಸಿ ಅಕ್ಕಾ, ಹೋದ್ರೆ ಹೋಗ್ಲಿ. ಒಗ್ಗರಣೆ ಬೇರೆ ಹಾಕಿಲ್ಲ ತಾನೆ ಇದಕ್ಕೆ?"

"ಸುಮ್ನಿರು ಮಾರಾಯ್ತಿ."

ಒರೆಸಿ ಒರೆಸಿ ಒಂದು ತೊಟ್ಟು ಎಣ್ಣೆ ಉಳಿಯದಂತೆ ಮಾಡಿ ಕೊಟ್ಟೆ. ಕೋಚ್ ಜೋಡಿಸಿ ಎಳೆದು ಬಿಟ್ಟಳು. ಠಕ್ ಎಂದಿತು. ಆ ಸದ್ದಿಗೆ ಮನಸ್ಸಿನಲ್ಲೇ ಕೈಮುಗಿದೆ.

"ನಾಲ್ಕು ನಿಮಿಷ, ಏಳು ಗುಂಡು. ಯಲ್ಲಾ, ಬೇಗ," ಅಂದಳು ಕೋಚ್. ನಿಧಾನ ಎನ್ನುವವಳು ಅಂದು ನಿಧಾನ ಎನ್ನಲಿಲ್ಲ.

ಪ್ರತಿ ಗುಂಡಿಗೂ ಎಳೆದು ತುಂಬಿಸಬೇಕಾದ ದುಬಾರಿ ಗುರಿಕೋವಿ ನನ್ನ ಕೈಯಲ್ಲಿದ್ದರೆ, ಅಭ್ಯಾಸ ಇಲ್ಲದ ನನ್ನ ಗತಿ ಅಲ್ಲಿಗೇ ಮುಗಿಯುತ್ತಿತ್ತು. ಇದರಲ್ಲಿ ಹಿಡಿಗೆ ಒತ್ತಿದ ಕೆನ್ನೆ ಎತ್ತುವ ಕೆಲಸವೇ ಇಲ್ಲ. ನಾಮ, ಉಸಿರು, ಬೆರಳು. ಠಕ್. ಮತ್ತೆ ನಾಮ, ಉಸಿರು, ಬೆರಳು. ಗರಗರ ಎನ್ನುವ ಕುದುರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂದು ನನ್ನ ಬೆರಳಿಗೆ ಬಾಯಿಪಾಠವಾಗಿತ್ತು. ಅಂಗೈಯಲ್ಲಿ ದೇವರ ಕೋಣೆಯ ಪರಿಮಳ. ಕೊನೆಯದು ಹಾರಿದಾಗ ಇನ್ನೂ ಅರ್ಧ ನಿಮಿಷ ಉಳಿದಿತ್ತು. ಅದೂ ಒಂದು ದಯೆ.

ಕಾಗದವನ್ನು ತಂತಿಯಲ್ಲಿ ಎಳೆದು ತಂದು ಮ್ಯಾನೇಜರೇ ಎಣಿಸಿದ. ಮೊದಲ ಮೂರರದ್ದು ಇಪ್ಪತ್ತು, ಆಮೇಲೆ ಏಳು, ಎಂಟು, ಆರು, ಏಳು, ಎಂಟು, ಏಳು. ಕೊನೆಯ ತೂತು ಗೆರೆಯ ಮೇಲಿತ್ತು. ಏಳೋ ಎಂಟೋ ಎಂದು ಭೂತಗನ್ನಡಿ ತಂದ. ಮೇಲಿನ ಮನೆಯವಳು ನನ್ನ ಎಣ್ಣೆಗೈಯನ್ನು ನೋಯುವಂತೆ ಹಿಡಿದುಕೊಂಡಿದ್ದಳು.

"ಎಂಟು," ಅಂದ.

ಎಪ್ಪತ್ತೊಂದು. ಒಟ್ಟು ಸರಿಯಾಗಿ ಮುನ್ನೂರೈವತ್ತು. ಐದು ಮಂದಿ ಹೆಂಗಸರು ಆ ತಣ್ಣಗಿನ ರೇಂಜಿನಲ್ಲಿ ಎಬ್ಬಿಸಿದ ಗದ್ದಲಕ್ಕೆ ಪಕ್ಕದ ಕೋಣೆಯ ಗಂಡಸರು ಬಾಗಿಲು ತೆರೆದು ನೋಡಿದರು. ಮ್ಯಾನೇಜರು ತಾನೇ ಹೋಗಿ ಗೋಡೆಯ ವೇಳಾಪಟ್ಟಿಯಲ್ಲಿ ಮಂಗಳವಾರದ ಮುಂದೆ ಹೆಂಗಸರು ಎಂದು ದಪ್ಪ ಪೆನ್ನಿನಲ್ಲಿ ಬರೆದ. ಅಳಿಸಲು ಬಾರದ ಪೆನ್ನು, ನಾನು ಗಮನಿಸಿದೆ.

ಆಮೇಲೆ ಕೋಚ್‌ಗೆ ಅದು ಎಂಥ ಎಣ್ಣೆ ಎಂದು ಬಿಡಿಸಿ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು, "ನನ್ನ ಅಜ್ಜಿ ಎಲ್ಲದಕ್ಕೂ ಆಲಿವ್ ಎಣ್ಣೆ ಹಚ್ಚುತ್ತಿದ್ದಳು. ಬಾಗಿಲಿಗೆ, ಮೊಣಕಾಲಿಗೆ, ಅಜ್ಜನ ಬೇಟೆ ಕೋವಿಗೆ," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಸಂಜೆ ನಮ್ಮವರಿಗೆ ಹೇಳಿದರೆ, "ಎಷ್ಟು ಬಂತು?" ಎಂದು ಎರಡು ಸಲ ಕೇಳಿದರು. ಪೇಪರು ಮಡಚಿಟ್ಟೇ ಕೇಳಿದರು. ಮಗಳು ತೂತು ಬಿದ್ದ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ಬುಲೆಟ್ 'ಸಾರೀ' ಹೇಳ್ಲೇ ಇಲ್ಲ," ಅಂದಳು.

ಮುಂದಿನ ಮಂಗಳವಾರ ಹೋದರೆ, ಕೋವಿಗಳನ್ನಿಡುವ ಕಪಾಟಿನ ಬಾಗಿಲಿಗೆ ಅರಬಿಯಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿ ಅಂಟಿಸಿದ್ದರು: ಅಡುಗೆ ಎಣ್ಣೆ ಹಚ್ಚಬಾರದು. ವಿಶ್ವಕಪ್ಪಿಗೆ ಬಂದವರೆಲ್ಲ ವಿಮಾನ ಹತ್ತಿ ಹೋದರು, ರಸ್ತೆಯ ಬಾವುಟಗಳನ್ನೂ ಇಳಿಸಿದರು. ಆ ಚೀಟಿ ಇನ್ನೂ ಇದೆ, ನಮ್ಮ ಗಂಟೆಯೂ ಇದೆ. ಮರುವರ್ಷದ ಆಯುಧಪೂಜೆಗೆ ಐದನೇ ನಂಬರಿಗೆ ಕುಂಕುಮ ಇಟ್ಟು, ಪೆಟ್ರೋಲಿನ ವಾಸನೆಯ ಎಣ್ಣೆಯನ್ನೇ ಎರಡು ತೊಟ್ಟು ಬಿಟ್ಟೆ.